ಡ್ಯಾಶ್‌ಬೋರ್ಡ್ ರಕ್ಷಾಲೇಪ

ಮೋಟಾರು ಕಾರಿನ ಮುಂಗಾಜಿನ ಬುಡದಲ್ಲಿ ಚಾಲಕನ ಎದುರಿಗೆ ಹಾಸಿರುವ ಫಲಕವನ್ನೂ, ಅದೇ ಜಾತಿಯ ವಸ್ತುಗಳಿಂದಾದ ಬಾಗಿಲಿನ ಒಳಹಲಗೆ, ಕಂಬಗಳ ಹೊದಿಕೆ, ಗೇರಿನ ಸುತ್ತಣ ಪೆಟ್ಟಿಗೆ, ಆಸನದ ರೆಕ್ಸಿನ್ ಮೊದಲಾದ ಒಳಭಾಗಗಳನ್ನೂ ಬಿಸಿಲು, ತಾಪ, ಧೂಳು, ಬೆವರುಗಳ ಬಾಧೆಯಿಂದ ಕಾಪಾಡುವ ಉದ್ದೇಶದಿಂದ ತೆಳುವಾಗಿ ಸವರುವ ದ್ರವ ಅಥವಾ ಕೆನೆರೂಪದ ದ್ರವ್ಯಕ್ಕೆ ರಕ್ಷಾಲೇಪವೆಂದು ಹೆಸರು. ಅಂಗಡಿಗಳಲ್ಲಿಯೂ ಸರ್ವಿಸ್ ಸ್ಟೇಷನ್ನುಗಳಲ್ಲಿಯೂ ಇದನ್ನು ಡ್ಯಾಶ್‌ಬೋರ್ಡ್ ಪಾಲಿಶ್ ಎಂದೇ ಕರೆಯುವ ವಾಡಿಕೆಯುಂಟು. ಈ ಹೆಸರು ಬಳಕೆಯಲ್ಲಿ ಎಷ್ಟೇ ಬೇರೂರಿದ್ದರೂ ಅದು ಕೊಳ್ಳುವವನ ಮನಸ್ಸನ್ನು ಹೊಳಪಿನ ಕಡೆಗೆ ಎಳೆಯುತ್ತದೆ. ಹೊಳಪು ಬೇರೆ, ರಕ್ಷಣೆ ಬೇರೆ ಎಂಬುದನ್ನು ತಿಳಿಯದೆ ಲೇಪವನ್ನು ಆರಿಸಲು ಹೊರಟವರು ಹಣವನ್ನು ಮಾತ್ರವಲ್ಲದೆ, ಕೆಲವೊಮ್ಮೆ ಕಾಪಾಡಬೇಕೆಂದಿದ್ದ ಫಲಕವನ್ನೇ ಕೆಡಿಸಿಕೊಳ್ಳುವರು.

ಡ್ಯಾಶ್‌ಬೋರ್ಡ್ ಎಂಬ ಮಾತು ಕಾರಿಗಿಂತ ಹಳೆಯದು. ಕುದುರೆ ಸಾರೋಟುಗಳ ಕಾಲದಲ್ಲಿ, ಓಡುವ ಕುದುರೆಯ ಗೊರಸಿನಿಂದ ಚಿಮ್ಮುವ ಕೆಸರು ಒಳಗೆ ಕುಳಿತವರ ಮೇಲೆ ಎರಚದಿರಲೆಂದು ಮುಂಭಾಗದಲ್ಲಿ ನಿಲ್ಲಿಸುತ್ತಿದ್ದ ಮರದ ಅಥವಾ ತೊಗಲಿನ ತಡೆಹಲಗೆಗೆ ಆ ಹೆಸರಿದ್ದಿತು. ಕುದುರೆ ಹೋಗಿ ಎಂಜಿನ್ ಬಂದ ಮೇಲೂ ಹಲಗೆ ಉಳಿದು, ವೇಗವನ್ನೂ ಇಂಧನವನ್ನೂ ತೋರಿಸುವ ಮಾಪಕಗಳು ಅದರ ಮೇಲೆ ಬಂದು ಕುಳಿತವು. ಮೊದಮೊದಲ ಕಾರುಗಳಲ್ಲಿ ಈ ಫಲಕ ಮರದ್ದಾಗಿಯೋ ಬಣ್ಣ ಬಳಿದ ಉಕ್ಕಿನದಾಗಿಯೋ ಇರುತ್ತಿದ್ದಿತು. ನಮ್ಮ ದೇಶದಲ್ಲಿ ಬಹುಕಾಲ ಓಡಿದ ಪ್ರೀಮಿಯರ್ ಪದ್ಮಿನಿಯ ಲೋಹದ ಫಲಕವನ್ನು ಮುಟ್ಟಿದವರಿಗೆ ಅದರ ತಣ್ಪೂ ಗಡಸುತನವೂ ಇಂದಿಗೂ ನೆನಪಿರಬಹುದು; ಅಂಥ ಫಲಕವನ್ನು ಒದ್ದೆಬಟ್ಟೆಯಿಂದ ಒರಸಿ, ಹೊರಮೈಗೆ ಹಚ್ಚುವ ಮೇಣವನ್ನೇ ಒಳಗೂ ಒಂದಿಷ್ಟು ತಿಕ್ಕಿದರೆ ಕೆಲಸ ಮುಗಿಯುತ್ತಿದ್ದಿತು. ಆದರೆ ಅಪಘಾತದಲ್ಲಿ ಮುಗ್ಗರಿಸಿದ ತಲೆ ಇಂಥ ಗಡುಸು ಲೋಹಕ್ಕೆ ಬಡಿದು ಸಂಭವಿಸುತ್ತಿದ್ದ ಅನಾಹುತಗಳನ್ನು ಕಂಡ ಪಾಶ್ಚಾತ್ಯ ದೇಶಗಳಲ್ಲಿ ಎರಡನೆಯ ಮಹಾಯುದ್ಧದ ಅನಂತರ ಫಲಕಕ್ಕೆ ಮೆತ್ತೆಯನ್ನು ಹೊದಿಸುವ ಪದ್ಧತಿ ಹರಡಿತು. ಒಳಾಂಗಣದ ಆಘಾತದಿಂದ ಪ್ರಯಾಣಿಕರನ್ನು ಕಾಪಾಡುವ ಬಗ್ಗೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1968ರಲ್ಲಿ ಸುರಕ್ಷಾ ನಿಯಮವೇ ಜಾರಿಗೆ ಬಂದಿತು. ರಕ್ಷಾಲೇಪದ ಪ್ರಶ್ನೆ ಹುಟ್ಟಿಕೊಂಡದ್ದು ಈ ಮೆತ್ತೆಯೊಡನೆಯೇ ಎನ್ನಬಹುದು.

ಮೆತ್ತೆಯ ಮೇಲಿನ ತೊಗಲಿನಂಥ ಹೊದಿಕೆಗೆ ಬಹುಮಟ್ಟಿಗೆ ಬಳಕೆಯಾದದ್ದು ಪಾಲಿವಿನೈಲ್ ಕ್ಲೋರೈಡ್, ಎಂದರೆ ಸಾಮಾನ್ಯ ಮಾತಿನ ವಿನೈಲ್. ಜರ್ಮನಿಯ ಯೂಜೆನ್ ಬೌಮನ್ 1872ರಲ್ಲಿ ಪಡೆದ ಈ ವಸ್ತು ಸ್ವಭಾವತಃ ಬಿರುಸಾದುದು, ಬಾಗಿಸಿದರೆ ಒಡೆಯುವಂಥದು. ಅಮೆರಿಕದ ಬಿ. ಎಫ್. ಗುಡ್‌ರಿಚ್ ಕಂಪನಿಯಲ್ಲಿದ್ದ ವಾಲ್ಡೊ ಸೆಮನ್ 1926ರಲ್ಲಿ ಸುಲಭವಾಗಿ ಆವಿಯಾಗದ ದ್ರವಗಳನ್ನು ಇದರೊಡನೆ ಬೆರೆಸಿ ಬಿಸಿಮಾಡಿ, ರಬ್ಬರಿನಂತೆ ಬಳುಕುವ ಪದಾರ್ಥವನ್ನು ಸಾಧಿಸಿದನು. ಹೀಗೆ ಬೆರೆಸುವ ದ್ರವಗಳನ್ನು ಪ್ಲಾಸ್ಟಿಸೈಸರುಗಳೆಂದು ಕರೆಯುವರು, ಮೃದುಕಾರಿಗಳೆಂದರೂ ಸರಿಯೆ. ಇಲ್ಲಿ ಗಮನಿಸತಕ್ಕ ಮುಖ್ಯಾಂಶವೊಂದುಂಟು. ಈ ಮೃದುಕಾರಿಗಳು ವಿನೈಲಿನ ಸರಪಣಿಗಳೊಡನೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ಹಿಟ್ಟಿನಲ್ಲಿ ಕಲಸಿದ ಎಣ್ಣೆಯಂತೆ ನಡುವೆ ಸೇರಿಕೊಂಡಿರುತ್ತವೆ, ಅಷ್ಟೆ. ಆದಕಾರಣ ತಾಪ ಏರಿದಂತೆಲ್ಲ ಅವು ಅಣುವಣುವಾಗಿ ಮೇಲ್ಮೈಗೆ ಬಂದು ಗಾಳಿಗೆ ಸೇರುವುವು, ಅಲ್ಲಿಂದ ತಣ್ಣಗಿರುವ ಗಾಜಿನ ಮೇಲೆ ಇಳಿದು ಕೂರುವುವು. ಹೊಸ ಕಾರನ್ನು ಕೆಲವು ತಿಂಗಳು ಬಿಸಿಲಿನಲ್ಲಿ ನಿಲ್ಲಿಸಿದವರು ಮುಂಗಾಜಿನ ಒಳಮೈಯನ್ನು ಬೆರಳಿನಿಂದ ಒಂದು ಸಲ ಎಳೆದು ನೋಡಲಿ: ಹೊರಗಿನಿಂದ ಎಷ್ಟು ತೊಳೆದರೂ ಹೋಗದ, ನೀಲಿ ಛಾಯೆಯ, ಜಿಡ್ಡುಜಿಡ್ಡಾದ ಪೊರೆಯೊಂದು ಬೆರಳಿನ ಗೆರೆಯ ಎರಡು ಪಕ್ಕಗಳಲ್ಲಿಯೂ ಕಾಣಿಸುತ್ತದೆ; ರಾತ್ರಿ ಎದುರಿನ ವಾಹನದ ದೀಪ ಚದರಿ ಕಣ್ಣು ಕೋರೈಸುವುದು ಈ ಪೊರೆಯಿಂದಲೇ. ಫಲಕ ತನ್ನ ಮೃದುತ್ವವನ್ನು ಹೀಗೆ ಗಾಜಿಗೆ ಧಾರೆಯೆರೆದು, ವರ್ಷಗಳು ಕಳೆದಂತೆ ಕುಗ್ಗಿ, ಬಿಗಿದು, ಕೊನೆಗೆ ಗಾಳಿಕಿಂಡಿಯ ಮೂಲೆಯಿಂದಲೋ ಸ್ಪೀಕರಿನ ಅಂಚಿನಿಂದಲೋ ಬಿರುಕು ಬಿಡಲಾರಂಭಿಸುತ್ತದೆ.

ತಾಪದ ಪ್ರಮಾಣವನ್ನು ಅಂಕಿಗಳಲ್ಲಿ ಹೇಳುವುದಾದರೆ, ಅರಿಜೋನ ಸ್ಟೇಟ್ ಮತ್ತು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಗಳ ಸಂಶೋಧಕರು ಬೇಸಗೆಯಲ್ಲಿ ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಉದಾಹರಿಸಬಹುದು. ಹೊರಗಿನ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ದಿನಗಳಲ್ಲಿ, ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರಿನ ಒಳಗಾಳಿ ಸರಾಸರಿ 47 ಡಿಗ್ರಿಗೆ, ಸ್ಟಿಯರಿಂಗ್ 53 ಡಿಗ್ರಿಗೆ, ಆಸನ 51 ಡಿಗ್ರಿಗೆ ಏರಿದರೆ, ಡ್ಯಾಶ್‌ಬೋರ್ಡ್ ಮಾತ್ರ 69 ಡಿಗ್ರಿಯನ್ನು ಮುಟ್ಟಿತು. ರಾಯಚೂರು, ಕಲಬುರಗಿಗಳ ಏಪ್ರಿಲ್ ಮತ್ತು ಮೇ ತಿಂಗಳುಗಳ ಮಧ್ಯಾಹ್ನ ಇದಕ್ಕೇನೂ ಕಡಿಮೆಯಲ್ಲ. ಕಾರಿನ ಒಳಗೆ ಬೇರಾವ ಭಾಗವೂ ಅನುಭವಿಸದ ಶಿಕ್ಷೆಯನ್ನು ಈ ಫಲಕವೊಂದೇ ಅನುಭವಿಸುತ್ತಿದೆಯೆಂಬುದನ್ನು ಮನಗಂಡರೆ, ಅದರ ಆರೈಕೆಯ ವಿಚಾರ ಕೇವಲ ಶೋಕಿಯ ವಿಚಾರವಲ್ಲವೆಂದು ತಿಳಿಯುತ್ತದೆ.

ಇತ್ತೀಚಿನ ಕಾರುಗಳಲ್ಲಿ, ಅದರಲ್ಲಿಯೂ ಸಾಮಾನ್ಯ ಬೆಲೆಯವುಗಳಲ್ಲಿ, ವಿನೈಲಿನ ಸ್ಥಾನವನ್ನು ಪಾಲಿಪ್ರೊಪಿಲೀನ್ ಬಹಳಮಟ್ಟಿಗೆ ಆಕ್ರಮಿಸಿದೆ. 1954ರಲ್ಲಿ ಇಟಲಿಯ ಜೂಲಿಯೊ ನಾಟ್ಟಾ ಸ್ಫಟಿಕರೂಪದಲ್ಲಿ ಸಿದ್ಧಪಡಿಸಿದ ಈ ಪ್ಲಾಸ್ಟಿಕ್ಕಿಗೆ ಮೃದುಕಾರಿಯ ಅಗತ್ಯವಿಲ್ಲ. ಆದುದರಿಂದ ಅದು ವಿನೈಲಿನಂತೆ ಬತ್ತಿ ಬಿರಿಯದು. ಆದರೆ ಅದಕ್ಕೆ ಅದರದೇ ಆದ ದೌರ್ಬಲ್ಯವೊಂದುಂಟು. ನೇರಳಾತೀತ ಕಿರಣವೂ ಆಮ್ಲಜನಕವೂ ಕೂಡಿದಾಗ ಅದರ ದೀರ್ಘ ಸರಪಣಿಗಳು ಅಲ್ಲಲ್ಲಿ ತುಂಡಾಗಿ, ಮೇಲ್ಮೈ ಸೂಕ್ಷ್ಮವಾಗಿ ಒಡೆದು, ಕಪ್ಪು ಬಣ್ಣ ಬೂದಿ ಬಳಿದಂತೆ ಬಿಳಿಚಿಕೊಳ್ಳುತ್ತದೆ. ತಯಾರಕರು ಇದನ್ನು ಅರಿತೇ ಕಾಡಿಗೆಯಂಥ ಇಂಗಾಲದ ಪುಡಿಯನ್ನೂ ಬೆಳಕಿನ ಹಾನಿಯನ್ನು ತಡೆಯುವ ಅಮೀನು ಜಾತಿಯ ರಾಸಾಯನಿಕಗಳನ್ನೂ ಅಚ್ಚು ಹೊಯ್ಯುವ ಮೊದಲೇ ಪ್ಲಾಸ್ಟಿಕ್ಕಿನೊಳಗೆ ಬೆರೆಸಿರುತ್ತಾರೆ. ಫಲಕದ ನಿಜವಾದ ರಕ್ಷಕ ಈ ಒಳಬೆರಕೆಯೇ. ಮೇಲಿನಿಂದ ನಾವು ಸವರುವುದೆಲ್ಲ ಅದಕ್ಕೊಂದು ಸಹಾಯ ಮಾತ್ರ.

ಬೆಳಕಿನ ವಿಷಯದಲ್ಲಿಯೂ ಜನರಲ್ಲಿ ಸ್ವಲ್ಪ ಭ್ರಾಂತಿ ಇದೆ. ಕಾರಿನ ಮುಂಗಾಜು ಎರಡು ಗಾಜುಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಪೊರೆಯನ್ನು ಸೇರಿಸಿ ಮಾಡಿದುದು. ಆ ಪೊರೆ ನೇರಳಾತೀತ ಕಿರಣಗಳಲ್ಲಿ ಬಹುಪಾಲನ್ನು ಹೀರಿಬಿಡುತ್ತದೆ. ಪಕ್ಕದ ಕಿಟಕಿಗಳ ಒಂಟಿ ಗಾಜಾದರೋ ಅಷ್ಟು ತಡೆಯಲಾರದು. ಹೀಗಿರುವಲ್ಲಿ ಫಲಕದ ಮೇಲ್ಭಾಗವನ್ನು ಹೆಚ್ಚಾಗಿ ಕಾಡುವುದು ತಾಪ, ಬಾಗಿಲಿನ ಮೇಲಂಚು, ಆಸನದ ಪಕ್ಕ ಇವುಗಳನ್ನು ಕಾಡುವುದು ತಾಪದೊಡನೆ ಕಿರಣ. ಲೇಪದ ಬಾಟಲಿಯ ಮೇಲೆ ಸೂರ್ಯಕಿರಣದಿಂದ ಪೂರ್ಣ ರಕ್ಷಣೆಯೆಂದು ದಪ್ಪಕ್ಷರದಲ್ಲಿ ಮುದ್ರಿಸಿರುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಕಿರಣವನ್ನು ಹೀರುವ ದ್ರವ್ಯಗಳು ಉತ್ತಮ ಲೇಪಗಳಲ್ಲಿ ಇರುವುದು ನಿಜ. ಆದರೆ ಹೀರುವ ಶಕ್ತಿ ಪೊರೆಯ ದಪ್ಪವನ್ನೂ ಅವಲಂಬಿಸಿದೆ, ಸವರಿ ಒರಸಿದ ಮೇಲೆ ಉಳಿಯುವ ಪೊರೆಯಾದರೋ ತಲೆಗೂದಲಿಗಿಂತ ಎಷ್ಟೋ ಪಾಲು ತೆಳುವಾದುದು. ಆದ್ದರಿಂದ ಲೇಪವನ್ನು ಆಗಾಗ ನವೀಕರಿಸಿದರೆ ಅಲ್ಪಸ್ವಲ್ಪ ಪ್ರಯೋಜನವುಂಟು. ವರ್ಷಕ್ಕೊಮ್ಮೆ ಸವರಿ ನಿಶ್ಚಿಂತರಾಗಿರುವುದಕ್ಕೆ ಆಧಾರವಿಲ್ಲ.

ಇನ್ನು ಲೇಪಗಳ ಸ್ವರೂಪ. ಇವುಗಳಲ್ಲಿ ಬಹುತೇಕ ಎಲ್ಲಕ್ಕೂ ಆಧಾರ ಸಿಲಿಕೋನ್ ತೈಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಕಿಪಿಂಗ್ ದಶಕಗಳ ಕಾಲ ನಡೆಸಿದ ಶೋಧನೆಗಳಿಂದ ಬೆಳಕಿಗೆ ಬಂದ ಈ ಸಂಯುಕ್ತಗಳು 1943ರಲ್ಲಿ ಡೌ ಕಾರ್ನಿಂಗ್ ಕಂಪನಿ ಸ್ಥಾಪನೆಯಾದ ಬಳಿಕ ಕೈಗಾರಿಕೆಯ ಪ್ರಮಾಣದಲ್ಲಿ ತಯಾರಾದವು. 1970ರ ದಶಕದಲ್ಲಿ ಅಮೆರಿಕದ ಆರ್ಮರ್ ಆಲ್ ಎಂಬ ಲೇಪ ಮನೆಮಾತಾದಂದಿನಿಂದ ಕಾರಿನ ಒಳಾಂಗಣಕ್ಕೂ ಸಿಲಿಕೋನಿಗೂ ಬಿಡಲಾರದ ನಂಟು ಬೆಳೆಯಿತು. ಸಿಲಿಕೋನ್ ತೈಲ ಬಿಸಿಲಿಗೆ ಕೆಡದು, ಕಮಟದು, ನೀರನ್ನು ಹತ್ತಗೊಡದು. ಬಿಳಿಚಿದ ಮೇಲ್ಮೈಯ ಸೂಕ್ಷ್ಮ ಬಿರುಕುಗಳಲ್ಲಿ ತುಂಬಿಕೊಂಡು ಬೆಳಕು ಚದರುವುದನ್ನು ತಡೆಯುವುದರಿಂದ ಮಾಸಿದ ಕಪ್ಪು ಮತ್ತೆ ಕಪ್ಪಾಗಿ ತೋರುತ್ತದೆ. ಇದು ತೋರಿಕೆಯೇ ಹೊರತು ಚಿಕಿತ್ಸೆಯಲ್ಲ. ತುಂಡಾದ ಸರಪಣಿಯನ್ನು ಯಾವ ಲೇಪವೂ ಬೆಸೆಯಲಾರದು.

ಸಿಲಿಕೋನ್ ಹಚ್ಚಿದರೆ ಫಲಕ ಒಣಗಿ ಬಿರಿಯುತ್ತದೆಂಬ ಆಪಾದನೆ ಬಹುಕಾಲದಿಂದ ಪ್ರಚಾರದಲ್ಲಿದೆ. ಶುದ್ಧ ಸಿಲಿಕೋನ್ ರಾಸಾಯನಿಕವಾಗಿ ಬಹು ನಿಷ್ಕ್ರಿಯವಾದ ವಸ್ತುವಾದ್ದರಿಂದ ಈ ಅಪವಾದಕ್ಕೆ ಅದೊಂದನ್ನೇ ಗುರಿಮಾಡುವುದು ನ್ಯಾಯವಲ್ಲ. ಅದನ್ನು ಯಾವುದರಲ್ಲಿ ಕದಡಿದ್ದಾರೆಂಬುದೇ ವಿವೇಚಿಸಬೇಕಾದ ಸಂಗತಿ. ಒಂದು ಬಗೆಯಲ್ಲಿ ಅದು ಪೆಟ್ರೋಲಿಯಂ ದ್ರಾವಕಗಳಲ್ಲಿ ಕರಗಿರುತ್ತದೆ. ಇಂಥ ಲೇಪ ತಿಳಿಯಾಗಿಯೋ ಜೆಲ್ಲಿನಂತೆಯೋ ಇದ್ದು, ಮುಚ್ಚಳ ತೆರೆದೊಡನೆ ಸೀಮೆಎಣ್ಣೆಯನ್ನು ನೆನಪಿಗೆ ತರುವ ವಾಸನೆ ಬೀರುತ್ತದೆ. ಬೆಂಕಿಯಿಂದ ದೂರವಿಡಬೇಕೆಂಬ ಸೂಚನೆ ಅದರ ಮೇಲಿರುತ್ತದೆ. ಹಚ್ಚಿದಾಗ ಕನ್ನಡಿಯಂತೆ ಹೊಳೆಯುತ್ತದೆ. ಈ ದ್ರಾವಕಗಳು ಕೆಲವು ಬಗೆಯ ಪ್ಲಾಸ್ಟಿಕ್ಕನ್ನೂ ರಬ್ಬರನ್ನೂ ಉಬ್ಬಿಸಬಲ್ಲವು, ವಿನೈಲಿನ ಮೃದುಕಾರಿಯನ್ನು ಹೊರಕ್ಕೆ ಸೆಳೆಯಬಲ್ಲವು. ಇವನ್ನು ಒಳಾಂಗಣಕ್ಕೆ ಬಳಸದಿರುವುದೇ ಲೇಸು. ಇನ್ನೊಂದು ಬಗೆ ನೀರಿನದು. ಹಾಲಿನಲ್ಲಿ ಕೊಬ್ಬಿನ ಕಣಗಳು ಹೇಗೆ ತೇಲುತ್ತವೆಯೋ ಹಾಗೆಯೇ ಇದರಲ್ಲಿ ಸಿಲಿಕೋನಿನ ಸೂಕ್ಷ್ಮ ಬಿಂದುಗಳು ನೀರಿನಲ್ಲಿ ಹರಡಿಕೊಂಡಿರುವುದರಿಂದ ಬಣ್ಣವೂ ಸಾಮಾನ್ಯವಾಗಿ ಹಾಲಿನದೇ. ವಾಸನೆ ಮಂದ, ಒರಸಿದ ಮೇಲೆ ಜಿಡ್ಡು ಕಡಿಮೆ. ಒಳಾಂಗಣಕ್ಕೆ ಕೊಳ್ಳತಕ್ಕದ್ದು ಈ ಎರಡನೆಯದನ್ನು. ಅಂಗಡಿಯ ಅಟ್ಟಣೆಯಲ್ಲಿ ಮೆಗೈಯರ್ಸ್, ಟರ್ಟಲ್ ವ್ಯಾಕ್ಸ್, ತ್ರೀಎಂ ಮುಂತಾದ ಯಾವ ಹೆಸರೇ ಕಾಣಲಿ, ಒಂದೇ ಕಂಪನಿ ಒಂದಕ್ಕಿಂತ ಹೆಚ್ಚು ಬಗೆಯ ಲೇಪಗಳನ್ನು ಮಾರುವುದುಂಟಾದ ಕಾರಣ, ಹೆಸರಿಗಿಂತ ಹಿಂಬದಿಯ ಸಣ್ಣಕ್ಷರವನ್ನು ಓದುವುದು ಹೆಚ್ಚು ಉಪಯುಕ್ತ. ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸದವರು ಸಿಲಿಕೋನನ್ನು ತಮ್ಮ ಶೆಡ್ಡಿನೊಳಕ್ಕೆ ಬಿಡಲು ಒಪ್ಪದಿರುವುದಕ್ಕೆ ಬೇರೆ ಕಾರಣವುಂಟು: ಅದರ ಲೇಶ ಸೋಕಿದ ತಗಡಿನ ಮೇಲೆ ಹೊಸ ಬಣ್ಣ ಸಮನಾಗಿ ಹರಡದೆ ಸಣ್ಣ ಸಣ್ಣ ಕುಳಿಗಳಾಗಿ ಬಿಟ್ಟುಕೊಳ್ಳುತ್ತದೆ.

ಹೊಳಪಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ, ಏಕೆಂದರೆ ಇದು ಅಂದಚಂದಕ್ಕೆ ಮಾತ್ರವಲ್ಲದೆ ಪ್ರಾಣಕ್ಕೂ ಸಂಬಂಧಪಟ್ಟದ್ದು. ಡ್ಯಾಶ್‌ಬೋರ್ಡಿನ ಮೇಲ್ಮೈಯನ್ನು ತಯಾರಕರು ಬೇಕೆಂದೇ ಮಂಕಾಗಿ, ಸಣ್ಣ ನೆರಿಗೆಗಳಿಂದ ಕೂಡಿದುದಾಗಿ ಮಾಡಿರುವುದು ಅಲ್ಲಿ ಬಿದ್ದ ಬೆಳಕು ಚದರಿಹೋಗಲೆಂದು. ಆ ನೆರಿಗೆಗಳನ್ನು ಹೊಳೆಯುವ ಲೇಪದಿಂದ ತುಂಬಿ ನಯಮಾಡಿದರೆ ಫಲಕ ಕನ್ನಡಿಯಾಗಿ, ಅದರ ಪ್ರತಿಬಿಂಬ ಓರೆಯಾಗಿರುವ ಮುಂಗಾಜಿನ ಮೇಲೆ ಬಿಳಿಯ ತೆರೆಯಂತೆ ತೂಗುಬೀಳುತ್ತದೆ. ಸಂಜೆಯ ಹೊತ್ತು ಪಶ್ಚಿಮಕ್ಕೆ ಮುಖಮಾಡಿ ಹೋಗುವಾಗ, ಆ ತೆರೆಯ ಹಿಂದೆ ರಸ್ತೆ ದಾಟುತ್ತಿರುವ ಮನುಷ್ಯನೋ ದನವೋ ಕ್ಷಣಕಾಲ ಕಾಣದೆ ಹೋಗಬಹುದು. ಅಪಾಯಕ್ಕೆ ಆ ಕ್ಷಣವೇ ಸಾಕು. ಆದ್ದರಿಂದ ಮ್ಯಾಟ್ ಎಂದು ನಮೂದಿಸಿರುವ, ಒಣಗಿದ ಮೇಲೆ ಹಚ್ಚಿದ್ದೇ ತಿಳಿಯದಂಥ ಲೇಪವೇ ಶ್ರೇಷ್ಠವೆಂಬುದು ನಮ್ಮ ಖಚಿತಾಭಿಪ್ರಾಯ. ಪ್ರಾಣರಕ್ಷಣೆಯ ದೃಷ್ಟಿಯಿಂದಲೇ ಸ್ಟಿಯರಿಂಗ್ ಚಕ್ರ, ಗೇರಿನ ಹಿಡಿ, ಬ್ರೇಕು ಕ್ಲಚ್ಚುಗಳ ಪೆಡಲು ಇವುಗಳಿಗೆ ಯಾವ ಲೇಪವನ್ನೂ ಸೋಕಿಸಕೂಡದು. ಜಾರುವ ಪೆಡಲಿನಷ್ಟು ಅಪಾಯಕರವಾದುದು ಇನ್ನೊಂದಿಲ್ಲ.

ಒಳಾಂಗಣದ ಎಲ್ಲ ಭಾಗಗಳೂ ಒಂದೇ ಲೇಪಕ್ಕೆ ಒಗ್ಗುವುದಿಲ್ಲ. ಮಾಪಕಗಳನ್ನು ಮುಚ್ಚಿರುವ ಪಾರದರ್ಶಕ ಹೊದಿಕೆ ಗಾಜಲ್ಲ, ಸಾಮಾನ್ಯವಾಗಿ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್. ಅಮೋನಿಯ ಬೆರೆತ ಗಾಜಿನ ದ್ರವವೂ ಸ್ಪಿರಿಟ್ಟೂ ಅದರಲ್ಲಿ ಜೇಡರ ಬಲೆಯಂಥ ಬಿರುಕುಗಳನ್ನು ಎಬ್ಬಿಸಬಲ್ಲವಾದುದರಿಂದ, ನೀರಿನಲ್ಲಿ ಅದ್ದಿ ಹಿಂಡಿದ ಮೃದುವಾದ ಬಟ್ಟೆಯೊಂದೇ ಅಲ್ಲಿಗೆ ಯೋಗ್ಯ. ಸ್ಪರ್ಶಪರದೆಗಳಿಗೂ ಇದೇ ನಿಯಮ. ಗಾಳಿಚೀಲ, ಎಂದರೆ ಏರ್‌ಬ್ಯಾಗ್, ಅಡಗಿರುವ ಭಾಗದಲ್ಲಿ ದ್ರಾವಕಯುಕ್ತ ಲೇಪವನ್ನು ಹಚ್ಚಿದರೆ ಮೇಲ್ಮೈ ರಂಧ್ರಮಯವಾಗಿ, ಚೀಲ ಸ್ಫೋಟಿಸಿ ತೆರೆದಾಗ ಪ್ಲಾಸ್ಟಿಕ್ ಚೂರುಗಳು ಸಿಡಿದು ಗಾಯವಾಗಬಹುದೆಂದು ಕೆಲವು ತಯಾರಕರು ಕೈಪಿಡಿಗಳಲ್ಲಿಯೇ ಎಚ್ಚರಿಸಿರುವರು. ಚರ್ಮದ ಆಸನಗಳ ಮೇಲೆ ಇಂದು ಬಹುಮಟ್ಟಿಗೆ ಪಾಲಿಯುರಿಥೇನಿನ ಪೊರೆಯಿರುವುದರಿಂದ ಹಚ್ಚಿದ ಎಣ್ಣೆ ಚರ್ಮಕ್ಕೆ ಇಳಿಯದೆ ಮೇಲೆಯೇ ನಿಂತು ಕೊಳೆಯನ್ನು ಹಿಡಿಯುತ್ತದೆ; ಅದಕ್ಕೆ ಬೇಕಾದದ್ದು ಸೌಮ್ಯವಾದ ಶುದ್ಧೀಕರಣ. ಮುಟ್ಟಿದರೆ ಮಖಮಲ್ಲಿನಂತಿರುವ ಮೃದುಲೇಪಿತ ಗುಂಡಿಗಳು ಸೆಕೆ ಮತ್ತು ತೇವಗಳಿಂದ ಕೆಲವು ವರ್ಷಗಳಲ್ಲಿ ಅಂಟಂಟಾಗುವುದು ಕರಾವಳಿಯವರಿಗೆ ಚಿರಪರಿಚಿತ. ಅಲ್ಲಿ ಮೂಲ ಪೊರೆಯೇ ಜಲಸಂಪರ್ಕದಿಂದ ವಿಘಟನೆಗೊಂಡಿರುವುದರಿಂದ ರಕ್ಷಾಲೇಪ ಹಚ್ಚುವುದು ವ್ಯರ್ಥ.

ನಮ್ಮ ನಾಡಿನ ಡ್ಯಾಶ್‌ಬೋರ್ಡಿಗೆ ಬಿಸಿಲಿನ ಹೊರತಾಗಿ ಬೇರೆ ಉಪಾಧಿಗಳೂ ಉಂಟು. ಗಣಪತಿಯ ಪುಟ್ಟ ವಿಗ್ರಹವನ್ನು ಎರಡು ಮೈಯ ಅಂಟುಪಟ್ಟಿಯಿಂದ ನಿಲ್ಲಿಸಿ, ಅದರ ಮುಂದೆ ದಿನವೂ ಊದುಬತ್ತಿ ಹಚ್ಚುವ ಟ್ಯಾಕ್ಸಿಗಳಲ್ಲಿ ಬಿಸಿಬೂದಿ ಉದುರಿದ ಕಡೆಯಲ್ಲೆಲ್ಲ ಚುಕ್ಕೆಚುಕ್ಕೆಯಾಗಿ ಸುಟ್ಟ ಗುರುತು ಉಳಿಯುತ್ತದೆ. ಆಯುಧಪೂಜೆಯ ಅರಿಸಿನ ಕುಂಕುಮ ಒಣಗಿದ್ದಾಗಲೇ ಬ್ರಷ್ಷಿನಿಂದ ಕೊಡವಿದರೆ ಹೋಗುತ್ತವೆ. ಎಣ್ಣೆಯುಕ್ತ ಲೇಪದ ಮೇಲೆ ಬಿದ್ದರೆ ನೆರಿಗೆಗಳಲ್ಲಿ ಇಳಿದು ಬಹಳ ದಿನ ನಿಲ್ಲುತ್ತವೆ. ಇವೆಲ್ಲಕ್ಕಿಂತ ಕೇಡು ಸುಗಂಧದ ಸಣ್ಣ ಬಾಟಲಿಯದು: ಅದು ಮಗುಚಿ ಹರಿದ ದ್ರವ ಕೆಲವು ಗಂಟೆಗಳಲ್ಲಿ ಪ್ಲಾಸ್ಟಿಕ್ಕನ್ನು ಮೆದುಗೊಳಿಸಿ, ಒಣಗಿದಾಗ ಮೇಣ ಕರಗಿ ಗಟ್ಟಿಯಾದಂಥ ಕಲೆಯನ್ನು ಬಿಡುತ್ತದೆ, ಆ ಕಲೆಗೆ ಪರಿಹಾರವಿಲ್ಲ. ಕೊಬ್ಬರಿ ಎಣ್ಣೆಯನ್ನು ಹಚ್ಚುವ ಪದ್ಧತಿಯೂ ಹಲವೆಡೆ ರೂಢಿಯಲ್ಲಿದೆ. ಮೊದಲ ದಿನ ಅದು ಚೆನ್ನಾಗಿಯೇ ಕಾಣುತ್ತದೆ. ವರ್ಷಗಟ್ಟಲೆ ಹೀಗೆ ಎಣ್ಣೆ ಕುಡಿದ ಹಳೆಯ ಕಾರೊಂದರ ಗಾಳಿಕಿಂಡಿಯ ಅಂಚಿನಲ್ಲಿ ಉಗುರನ್ನು ಎಳೆದರೆ, ಧೂಳು ಮತ್ತು ಕಮಟುಜಿಡ್ಡು ಬೆರೆತ ಕರಿಯ ಅಂಟು ಸುರುಳಿಯಾಗಿ ಮೇಲೇಳುತ್ತದೆ. ಅದರ ಕೆಳಗೆ ಮೂಲದ ಬಣ್ಣ ಯಾವುದಿತ್ತೆಂಬುದು ಆಗ ಗೊತ್ತಾಗುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಮುಚ್ಚಿಟ್ಟ ಕಾರಿನ ಒಳಗೆ ಬೂಷ್ಟು ಹಿಡಿಯುವುದಕ್ಕೂ ಇಂಥ ಸಸ್ಯತೈಲ ಆಹಾರವಾಗುತ್ತದೆ. ಅಲ್ಲಿ ಲೇಪಕ್ಕಿಂತ ಮೊದಲು ಆಗಬೇಕಾದದ್ದು, ಹೊಳವಾದ ದಿನ ಬಾಗಿಲುಗಳನ್ನು ತೆರೆದಿಟ್ಟು ಕಾಲುಹಾಸನ್ನು ಹೊರಗೆ ಒಣಗಿಸುವುದು.

ಲೇಪಿಸುವ ಕ್ರಮ ಸುಲಭವಾದುದು, ಆದರೆ ಅವಸರಕ್ಕೆ ಒಗ್ಗದು. ಕಾರನ್ನು ನೆರಳಿನಲ್ಲಿ ನಿಲ್ಲಿಸಿ ಫಲಕ ತಣ್ಣಗಾಗುವವರೆಗೆ ಕಾಯಬೇಕು. ಬಿಸಿಯ ಮೇಲೆ ಹಚ್ಚಿದ ದ್ರವ ಹರಡುವ ಮೊದಲೇ ಆರಿ ಪಟ್ಟೆಪಟ್ಟೆಯಾಗುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಧೂಳನ್ನು ತೆಗೆದು, ಒಂದು ಬಕೆಟ್ ನೀರಿಗೆ ಕೆಲವೇ ಹನಿ ಸೌಮ್ಯ ಸೋಪು ಬೆರೆಸಿ, ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೈಕ್ರೊಫೈಬರ್ ಬಟ್ಟೆಯಿಂದ ಒರಸಿ, ಬರಿಯ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರಸಿ ಒಣಗಿಸಬೇಕು. ಧೂಳನ್ನು ತೆಗೆಯದೆ ಲೇಪ ಹಚ್ಚುವುದೆಂದರೆ ಮರಳುಕಾಗದದಿಂದ ಉಜ್ಜಿದಂತೆಯೇ. ಲೇಪವನ್ನು ನೇರವಾಗಿ ಫಲಕದ ಮೇಲೆ ಚಿಮುಕಿಸದೆ ಬಟ್ಟೆಯ ಮೇಲೆ ಹಾಕಿಕೊಂಡರೆ ಗಾಜಿಗೂ ಸ್ವಿಚ್ಚುಗಳ ಸಂದಿಗೂ ಸಿಡಿಯದು. ಮೊದಲ ಸಲ ಬಳಸುವಾಗ ಕೈಪೆಟ್ಟಿಗೆಯ ಒಳಮುಚ್ಚಳದಂಥ ಮರೆಯ ಜಾಗದಲ್ಲಿ ಒಂದಿಷ್ಟು ಹಚ್ಚಿ ಒಂದು ದಿನ ಬಿಟ್ಟು ನೋಡುವುದು ವಿವೇಕ. ಫಲಕಕ್ಕೆ ಲೇಪ ಹಚ್ಚಿದ ಐದು ನಿಮಿಷಗಳ ಬಳಿಕ ಇನ್ನೊಂದು ಒಣಬಟ್ಟೆಯಿಂದ, ಬೆರಳಿಗೆ ಏನೂ ಹತ್ತದಷ್ಟು ಒರಸಿ ತೆಗೆಯತಕ್ಕದ್ದು. ಬೆರಳು ಜಿಡ್ಡಾದರೆ ಲೇಪ ಹೆಚ್ಚಾಯಿತೆಂದು ತಿಳಿಯಬೇಕು. ಆ ಹೆಚ್ಚುವರಿ ಧೂಳನ್ನು ಹಿಡಿಯುವುದಕ್ಕಲ್ಲದೆ ಬೇರೆ ಯಾವುದಕ್ಕೂ ಒದಗದು. ಬಯಲುಸೀಮೆಯ ಬೇಸಗೆಯಲ್ಲಿ ತಿಂಗಳಿಗೊಮ್ಮೆ, ಉಳಿದ ಕಾಲದಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು.

ತಾಪವನ್ನು ಮೂಲದಲ್ಲಿಯೇ ತಡೆಯುವ ಉಪಾಯಗಳಲ್ಲಿ ಕಿಟಕಿಗಳಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ನಿಷೇಧಿಸಿತು. ಮುಂದಿನ ಹಿಂದಿನ ಗಾಜುಗಳಲ್ಲಿ ಶೇಕಡ 70, ಪಕ್ಕದ ಗಾಜುಗಳಲ್ಲಿ ಶೇಕಡ 50 ಬೆಳಕು ಹಾಯಬೇಕೆಂಬುದು ಮೋಟಾರು ವಾಹನ ನಿಯಮ. ನಿಲ್ಲಿಸಿದ ಕಾರಿನ ಮುಂಗಾಜಿಗೆ ಒಳಗಿನಿಂದ ಒರಗಿಸುವ ಬೆಳ್ಳಿಬಣ್ಣದ ಮಡಿಸುವ ಪರದೆಗೆ ಇಂಥ ಅಡ್ಡಿಯೇನೂ ಇಲ್ಲ, ಮರದ ನೆರಳಿಗಂತೂ ಬೆಲೆಯೂ ಇಲ್ಲ. ಮೇಲೆ ಹೇಳಿದ 2018ರ ಅಧ್ಯಯನದಲ್ಲಿ ಬಿಸಿಲಿನ ಕಾರಿನ ಡ್ಯಾಶ್‌ಬೋರ್ಡ್ 69 ಡಿಗ್ರಿಗೆ ಏರಿದಾಗ, ನೆರಳಿನಲ್ಲಿ ನಿಂತ ಕಾರಿನದು 48 ಡಿಗ್ರಿಯಲ್ಲಿಯೇ ಇದ್ದಿತು. ಈ 21 ಡಿಗ್ರಿಗಳ ಅಂತರವನ್ನು ಉಂಟುಮಾಡಬಲ್ಲ ಲೇಪ ಯಾವ ಅಂಗಡಿಯಲ್ಲಿಯೂ ದೊರೆಯದು.